ಗಾಳಿಗೆ ಹೋದ ನಾಟಕ ಫೋನಿಗೆ ಬಂದದ್ದು ಹೇಗೆ

ಬೆಂಗಳೂರಿನಿಂದ ಶಿರಸಿಗೆ ಹೋಗುವ ಸ್ಲೀಪರ್ ಬಸ್ಸು. ರಾತ್ರಿ ಹನ್ನೊಂದು. ದೀಪ ಆರಿಸಿದ್ದಾರೆ. ನನ್ನ ಕಿವಿಯಲ್ಲಿ ಇಯರ್‌ಫೋನ್. ಒಬ್ಬ ಹೆಂಗಸು ಫೋನ್ ತಿರುಗಿಸುತ್ತಿದ್ದಾಳೆ. ಕರ್ರ್... ಕರ್ರ್... ಹಳೆಯ ಕಾಲದ ದುಂಡನೆಯ ಡಯಲ್. ಗಂಡನ ಆಫೀಸಿನ ನಂಬರ್. ಎಷ್ಟು ಸಲ ಮಾಡಿದರೂ ಎಂಗೇಜ್. ಕಡೆಗೆ ಆಪರೇಟರಿಗೆ ಹೇಳಿ ಲೈನ್ ಹಾಕಿಸುತ್ತಾಳೆ. ಸಿಗುವುದು ಇನ್ಯಾರದೋ ಮಾತು. ಇಬ್ಬರು ಗಂಡಸರು ಅವತ್ತು ರಾತ್ರಿ ಹನ್ನೊಂದೂ ಕಾಲಿಗೆ ಒಬ್ಬ ಹೆಂಗಸನ್ನು ಕೊಲ್ಲುವ ಮಾತಾಡುತ್ತಿದ್ದಾರೆ. ಆ ಹೊತ್ತಿಗೆ ಸೇತುವೆ ಮೇಲೆ ರೈಲು ಹೋಗುತ್ತದೆ, ಕೂಗಿದರೂ ಯಾರಿಗೂ ಕೇಳುವುದಿಲ್ಲ. ಲ್ಯಾಂಡ್‌ಲೈನ್ ಕಾಲದವರಿಗೆ ಇದು ಗೊತ್ತು, ಕ್ರಾಸ್ ಟಾಕ್. ಯಾರದೋ ಮದುವೆ ಮಾತುಕತೆ ನಮ್ಮ ಫೋನಿನಲ್ಲಿ ಕೇಳುತ್ತಿತ್ತಲ್ಲ, ಹಾಗೆ. ಇಲ್ಲಿ ಕೇಳಿದ್ದು ಕೊಲೆಯ ಮಾತುಕತೆ. ಕೇಳಿಸಿಕೊಂಡವಳು ಹಾಸಿಗೆ ಹಿಡಿದವಳು, ಮನೆಯಲ್ಲಿ ಒಬ್ಬಳೇ.

‘ಸಾರಿ, ರಾಂಗ್ ನಂಬರ್’ ಅಂತ ನಾಟಕದ ಹೆಸರು. ಬರೆದವರು ಲುಸಿಲ್ ಫ್ಲೆಚರ್. ಅಮೆರಿಕದ ಸಿಬಿಎಸ್ ರೇಡಿಯೊದ ‘ಸಸ್ಪೆನ್ಸ್’ ಮಾಲಿಕೆಯಲ್ಲಿ 1943ರ ಮೇ 25ರಂದು ಪ್ರಸಾರವಾಯಿತು. ಅರ್ಧ ಗಂಟೆಯ ನಾಟಕ, ಹೆಚ್ಚುಕಡಿಮೆ ಎಲ್ಲವೂ ಆಗ್ನೆಸ್ ಮೂರ್‌ಹೆಡ್ ಎಂಬ ಒಬ್ಬ ನಟಿಯ ಗಂಟಲಿನ ಮೇಲೆ ನಿಂತಿದೆ. ಎಂಬತ್ತು ವರ್ಷ ದಾಟಿದೆ. ಆದರೂ ಬಸ್ಸು ತುಮಕೂರು ದಾಟುವಷ್ಟರಲ್ಲಿ ನನ್ನ ಅಂಗೈ ಬೆವರಿತ್ತು.

ಆಮೇಲೆ ಒಂದು ಪ್ರಶ್ನೆ ಬಂತು. ಇದು ನನ್ನ ಫೋನಿಗೆ ಬಂದದ್ದಾದರೂ ಹೇಗೆ?

ಸುಮ್ನೆ ಕೇಳುವ ಪ್ರಶ್ನೆಯಲ್ಲ ಇದು. ಆ ನಾಟಕ ಆಡಿದ್ದು ಲೈವ್ ಆಗಿ. ನಟರು ಸ್ಕ್ರಿಪ್ಟ್ ಹಿಡಿದು ಮೈಕಿನ ಮುಂದೆ ನಿಂತು ಆಡಿದ ಮಾತು ಆ ಕ್ಷಣವೇ ಮನೆಮನೆಗೆ ಹೋಗುತ್ತಿತ್ತು. ತಪ್ಪಿದರೆ ತಪ್ಪಿದ್ದೇ. ಈ ನಾಟಕದ ಮೊದಲ ಪ್ರಸಾರದಲ್ಲೇ ಕೊನೆಯ ಗಳಿಗೆಯಲ್ಲಿ ಮಾತಿನ ಸರದಿ ತಪ್ಪಿಹೋಯಿತು. ಆ ಹೆಂಗಸಿಗೆ ಕಡೆಗೆ ಏನಾಯಿತು ಅಂತಲೇ ಕೇಳುಗರಿಗೆ ಗೊಂದಲ. ಕೆಲವೇ ತಿಂಗಳಲ್ಲಿ ಮತ್ತೆ ಆಡಿದರು. 1960ರ ತನಕ ಒಟ್ಟು ಎಂಟು ಸಲ ಆಡಿದರು, ಎಂಟೂ ಸಲ ಮೂರ್‌ಹೆಡ್ ಅವರೇ.

ಎನ್‌ಬಿಸಿ, ಸಿಬಿಎಸ್ ಆಗ ಅಮೆರಿಕದ ಎರಡು ದೊಡ್ಡ ರೇಡಿಯೊ ಜಾಲಗಳು. ರೆಕಾರ್ಡ್ ಮಾಡಿದ್ದನ್ನು ಪ್ರಸಾರ ಮಾಡುವುದೆಂದರೆ ಅವರಿಗೆ ಮೈಲಿಗೆ. ನ್ಯೂಯಾರ್ಕಿನಲ್ಲಿ ರಾತ್ರಿ ಒಂಬತ್ತಾದಾಗ ಲಾಸ್ ಏಂಜಲೀಸಿನಲ್ಲಿ ಇನ್ನೂ ಸಂಜೆ ಆರು. ಹಾಗಾಗಿ ಎಷ್ಟೋ ಕಾರ್ಯಕ್ರಮಗಳನ್ನು ಒಂದೇ ರಾತ್ರಿ ಎರಡು ಸಲ ಆಡುತ್ತಿದ್ದರು. ಪೂರ್ವದವರಿಗೆ ಒಮ್ಮೆ, ಮೂರು ಗಂಟೆ ಬಿಟ್ಟು ಪಶ್ಚಿಮದವರಿಗೆ ಇನ್ನೊಮ್ಮೆ. ಜಾತ್ರೆಯಲ್ಲಿ ನಮ್ಮ ಕಂಪನಿ ನಾಟಕದವರು ಎರಡು ಆಟ ಹಾಕಿದ ಹಾಗೆ.

ಆದರೆ ಪ್ರಸಾರಕ್ಕೆ ಬೇಡವಾದ ರೆಕಾರ್ಡು ಲೆಕ್ಕಕ್ಕೆ ಬೇಕಾಗಿತ್ತು. ದುಡ್ಡು ಕೊಟ್ಟ ಪ್ರಾಯೋಜಕನಿಗೆ ತನ್ನ ಜಾಹೀರಾತು ಸರಿಯಾಗಿ ಹೋಯಿತಾ ಅಂತ ನೋಡಬೇಕು. ರೇಡಿಯೊದವರಿಗೆ ಕಡತಕ್ಕೆ ಒಂದು ಪ್ರತಿ ಬೇಕು. ಅದಕ್ಕೆ ದೊಡ್ಡ ಪ್ಲೇಟುಗಳಲ್ಲಿ ಮುದ್ರಿಸಿಕೊಳ್ಳುತ್ತಿದ್ದರು. ನಮ್ಮ ಅಜ್ಜಂದಿರ ಗ್ರಾಮಫೋನ್ ಪ್ಲೇಟು ಹತ್ತು ಇಂಚಿನದು, ಒಂದು ಬದಿಗೆ ಮೂರು ನಿಮಿಷದ ಹಾಡು. ಇದು 16 ಇಂಚು, ಊಟದ ದೊಡ್ಡ ಹರಿವಾಣದಷ್ಟು. ನಿಧಾನಕ್ಕೆ ತಿರುಗುತ್ತದೆ, ಒಂದು ಬದಿಗೆ ಸುಮಾರು ಹದಿನೈದು ನಿಮಿಷ ಹಿಡಿಯುತ್ತದೆ. ಅಲ್ಯುಮಿನಿಯಂ ತಟ್ಟೆಯ ಮೇಲೆ ಮೆತ್ತನೆಯ ಲೇಪ, ನಾಟಕ ನಡೆಯುತ್ತಿದ್ದ ಹಾಗೇ ಸೂಜಿ ಅದರಲ್ಲಿ ಗೆರೆ ಕೊರೆಯುತ್ತಾ ಹೋಗುತ್ತದೆ. ಎರಡನೇ ಮಹಾಯುದ್ಧ ಬಂತು, ಅಲ್ಯುಮಿನಿಯಂ ಯುದ್ಧದ ಕೆಲಸಕ್ಕೆ ಹೋಯಿತು. ಆಗ ತಟ್ಟೆ ಗಾಜಿನದಾಯಿತು. ಕೈ ಜಾರಿದರೆ ನಾಟಕ ಚೂರು ಚೂರು.

ಇದು ಗೊತ್ತಾದರೆ ಒಂದು ಒಗಟು ಬಿಡಿಸಿದ ಹಾಗೆ. ಹಳೆಯ ರೇಡಿಯೊ ನಾಟಕ ಕೇಳುವಾಗ ಕೆಲವು ಸಲ ಹದಿನೈದನೇ ನಿಮಿಷದ ಆಸುಪಾಸಿನಲ್ಲಿ ದನಿ ಇದ್ದಕ್ಕಿದ್ದ ಹಾಗೆ ಬದಲಾಗುತ್ತದೆ. ಅಲ್ಲಿಯ ತನಕ ಚೊಕ್ಕವಾಗಿದ್ದದ್ದು ಮಳೆಯಲ್ಲಿ ನೆಂದ ಹಾಗಾಗುತ್ತದೆ. ನಿಮ್ಮ ಇಯರ್‌ಫೋನ್ ಕೆಟ್ಟಿಲ್ಲ. ಪ್ಲೇಟಿನ ಬದಿ ಬದಲಾಗಿದೆ ಅಷ್ಟೇ. ಒಂದು ಬದಿ ಚೆನ್ನಾಗಿ ಉಳಿಯಿತು, ಇನ್ನೊಂದು ಸವೆಯಿತು. ಮೊದಲರ್ಧ ಮಾತ್ರ ಸಿಕ್ಕಿ, ಕೊಲೆಗಾರ ಯಾರು ಅಂತ ಗೊತ್ತಾಗದೇ ಉಳಿದ ನಾಟಕಗಳೂ ಇವೆ.

ಇನ್ನೊಂದು ದಾರಿ ಸೈನಿಕರದ್ದು. ಯುದ್ಧಕಾಲದಲ್ಲಿ ಅಮೆರಿಕದ ಸೇನೆಯ ರೇಡಿಯೊ ವಿಭಾಗ ಜನಪ್ರಿಯ ಕಾರ್ಯಕ್ರಮಗಳನ್ನು ಪ್ಲೇಟಿಗೆ ಹಾಕಿ ದೂರದ ಶಿಬಿರಗಳಿಗೆ ಕಳಿಸುತ್ತಿತ್ತು. ಸಾಬೂನು, ಸಿಗರೇಟಿನ ಜಾಹೀರಾತು ಕತ್ತರಿಸಿ ತೆಗೆದು ಕಳಿಸುತ್ತಿದ್ದರು. ಕೇಳಿದ ಮೇಲೆ ಪ್ಲೇಟನ್ನು ನಾಶ ಮಾಡಬೇಕು ಅಂತ ನಿಯಮ. ನಿಯಮ ಎಲ್ಲರೂ ಪಾಲಿಸಿದ್ದರೆ ನಮಗೆ ಇವತ್ತು ಕೇಳಲು ಇಷ್ಟು ಸಿಗುತ್ತಿರಲಿಲ್ಲ. ಯಾರೋ ಹೊದಿಕೆಯೊಳಗೆ ಸುತ್ತಿಟ್ಟರು, ಯಾರೋ ಅಟ್ಟಕ್ಕೆ ಹಾಕಿದರು. ಹಾಗಾಗಿ ಕೆಲವು ಕಂತುಗಳು ಎರಡು ರೂಪದಲ್ಲಿವೆ, ಜಾಹೀರಾತು ಇರುವುದು ಮತ್ತು ಇಲ್ಲದ್ದು. ನನ್ನನ್ನು ಕೇಳಿದರೆ ಜಾಹೀರಾತು ಇರುವುದನ್ನೇ ಕೇಳಿ. ಭಯಾನಕ ಕಥೆಯ ನಡುವೆ ಒಬ್ಬ ಬಂದು ಕಾರಿನ ಸ್ಪಾರ್ಕ್ ಪ್ಲಗ್ಗಿನ ಗುಣಗಾನ ಮಾಡುವ ಉತ್ಸಾಹ ಇದೆಯಲ್ಲ, ಅದೇ ಒಂದು ನಾಟಕ. ಅಂದಹಾಗೆ, ಟೀವಿ ಧಾರಾವಾಹಿಗೆ ‘ಸೋಪ್ ಒಪೆರಾ’ ಅನ್ನುವ ಹೆಸರು ಹುಟ್ಟಿದ್ದೂ ಇಲ್ಲೇ. ಹಗಲು ಹೊತ್ತಿನಲ್ಲಿ ಗೃಹಿಣಿಯರಿಗಾಗಿ ಬರುತ್ತಿದ್ದ ಹದಿನೈದು ನಿಮಿಷದ ಧಾರಾವಾಹಿಗಳಿಗೆ ದುಡ್ಡು ಹಾಕುತ್ತಿದ್ದವರು ಸಾಬೂನು ಕಂಪನಿಯವರು. ‘ಮಾ ಪರ್ಕಿನ್ಸ್’ ಅನ್ನುವ ಒಂದು ಧಾರಾವಾಹಿ 1933ರಿಂದ 1960ರವರೆಗೆ ಎಳೆಯಿತು. ನಮ್ಮ ಧಾರಾವಾಹಿಗಳು ಉದ್ದ ಅಂತ ಬೈಯುವವರು ಇದನ್ನು ನೆನಪಿಡಬಹುದು.

ರೆಕಾರ್ಡಿಗಿದ್ದ ಮೈಲಿಗೆ ಕಳೆದದ್ದು ಬಿಂಗ್ ಕ್ರಾಸ್ಬಿ ಎಂಬ ಗಾಯಕನಿಂದ. ವಾರ ವಾರ ಲೈವ್ ಹಾಡುವುದು ಅವನಿಗೆ ಬೇಸರ. 1946ರಲ್ಲಿ ಎಬಿಸಿ ರೇಡಿಯೊ ಅವನ ಕಾರ್ಯಕ್ರಮವನ್ನು ರೆಕಾರ್ಡ್ ಮಾಡಿ ಹಾಕಲು ಒಪ್ಪಿತು. ಮರುವರ್ಷ ಟೇಪು ಬಂತು. ಜಾಕ್ ಮುಲಿನ್ ಎಂಬ ಎಂಜಿನಿಯರ್ ಯುದ್ಧ ಮುಗಿಸಿ ಬರುವಾಗ ಜರ್ಮನಿಯಿಂದ ಟೇಪ್ ಯಂತ್ರದ ಭಾಗಗಳನ್ನು ತಂದಿದ್ದ. ಆದರೆ ಅಷ್ಟರಲ್ಲಿ ಟೀವಿ ಹೊಸ್ತಿಲಿಗೆ ಬಂದಿತ್ತು. 1962ರ ಸೆಪ್ಟೆಂಬರ್ 30ರಂದು ಸಿಬಿಎಸ್‌ನಲ್ಲಿ ‘ಸಸ್ಪೆನ್ಸ್’ ಮತ್ತು ‘ಯುವರ್ಸ್ ಟ್ರೂಲಿ, ಜಾನಿ ಡಾಲರ್’ ಕೊನೆಯ ಕಂತು ಮುಗಿಸಿದವು. ಅಮೆರಿಕದ ಹಳೆಯ ರೇಡಿಯೊ ನಾಟಕದ ಕಾಲ ಅವತ್ತಿಗೆ ಮುಗಿಯಿತು ಅಂತ ಹವ್ಯಾಸಿಗಳು ಲೆಕ್ಕ ಹಾಕುತ್ತಾರೆ.

ಆಮೇಲಿನ ಕೆಲಸವೆಲ್ಲ ಈ ಹವ್ಯಾಸಿಗಳದೇ. ಪ್ಲೇಟಿನಿಂದ ದೊಡ್ಡ ಟೇಪಿಗೆ, ಟೇಪಿನಿಂದ ಇನ್ನೊಂದು ಟೇಪಿಗೆ, ಅದರಿಂದ ಕ್ಯಾಸೆಟ್ಟಿಗೆ. ಅಂಚೆಯಲ್ಲಿ ಕಳಿಸಿ ಅದಲುಬದಲು. ಪ್ರತಿ ಸಲ ನಕಲು ಮಾಡುವಾಗಲೂ ಸ್ವಲ್ಪ ಹೋಗುತ್ತದೆ, ಸ್ವಲ್ಪ ಗರಗರ ಸೇರುತ್ತದೆ. ಪರೀಕ್ಷೆಯ ಹಿಂದಿನ ದಿನ ಸಿಗುವ ನೋಟ್ಸ್ ನೆನಪಿದೆಯಾ? ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸು. ಹಾಗೇ. ಒಬ್ಬರ ಯಂತ್ರ ಸ್ವಲ್ಪ ನಿಧಾನ, ಇನ್ನೊಬ್ಬರದು ಸ್ವಲ್ಪ ಜೋರು. ಹೀಗಾಗಿ ಒಬ್ಬನೇ ಪತ್ತೇದಾರ ಒಂದು ಪ್ರತಿಯಲ್ಲಿ ಗಡಸು ಗಂಡಸು, ಇನ್ನೊಂದರಲ್ಲಿ ಮೀಸೆ ಚಿಗುರದ ಹುಡುಗ. ಒಂದೇ ಕಂತಿನ ಮೂರು ನಾಲ್ಕು ಪ್ರತಿ ಸಿಕ್ಕರೆ ಎರಡೆರಡು ನಿಮಿಷ ಕೇಳಿ ನೋಡಿ, ಆಮೇಲೆ ಒಂದನ್ನು ಇಟ್ಟುಕೊಳ್ಳಿ.

ಎಂಪಿ3 ಬಂದ ಮೇಲೆ ಗಂಟು ಸಡಿಲವಾಯಿತು. ಅರ್ಧ ಗಂಟೆಯ ನಾಟಕ ಸೆಕೆಂಡಿಗೆ 64 ಕಿಲೋಬಿಟ್ ದರದಲ್ಲಿ ಸುಮಾರು 14 ಎಂಬಿ. ಮಾತೇ ಮುಖ್ಯವಾದ್ದರಿಂದ ಅದರ ಅರ್ಧಕ್ಕೂ ಇಳಿಸಬಹುದು. ಮನೆಯಲ್ಲಿ ಒಂದು ಕೋಣೆ ತುಂಬಿದ್ದ ಟೇಪು ಪೆನ್‌ಡ್ರೈವಿಗೆ ಇಳಿಯಿತು. ಈಗ ಇದೆಲ್ಲ ರಾಶಿಯಾಗಿ ಸಿಗುವ ಜಾಗ ಇಂಟರ್ನೆಟ್ ಆರ್ಕೈವ್, 1996ರಲ್ಲಿ ಬ್ರೂಸ್ಟರ್ ಕೇಲ್ ಶುರು ಮಾಡಿದ ಆನ್‌ಲೈನ್ ಭಂಡಾರ. ‘ಸಸ್ಪೆನ್ಸ್’ ಒಂದರದ್ದೇ 940ಕ್ಕೂ ಹೆಚ್ಚು ಕಂತು ಪ್ರಸಾರವಾಗಿತ್ತು, ಬಹುಪಾಲು ಉಳಿದಿವೆ. ಫೈಲಿನ ಹೆಸರಿನಲ್ಲಿ ಇರುವ ಅಂಕಿ ನೋಡಿ ಗಾಬರಿಯಾಗಬೇಡಿ. 43-05-25 ಅಂತಿದ್ದರೆ ಅದು ಪ್ರಸಾರದ ತಾರೀಕು. ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ.

ಪುಕ್ಕಟೆ ಸಿಗುತ್ತದೆ ಅಂದರೆ ಯಾರ ಹಕ್ಕೂ ಇಲ್ಲ ಅಂತ ಅರ್ಥವಲ್ಲ. 1972ಕ್ಕೆ ಮುಂಚಿನ ಧ್ವನಿಮುದ್ರಣಗಳಿಗೆ ಅಮೆರಿಕದಲ್ಲಿ 2018ರಲ್ಲಿ ಒಂದು ಕಾಯ್ದೆ ಬಂತು. 1923ರಿಂದ 1946ರ ನಡುವೆ ಪ್ರಕಟವಾದದ್ದಕ್ಕೆ 100 ವರ್ಷ, 1947ರಿಂದ 1956ರದಕ್ಕೆ 110 ವರ್ಷ ರಕ್ಷಣೆ. ಪ್ರಕಟವೇ ಆಗದಿದ್ದರೆ 2067ರವರೆಗೆ. ಗಾಳಿಯಲ್ಲಿ ಒಂದು ಸಲ ಪ್ರಸಾರ ಮಾಡಿದರೆ ‘ಪ್ರಕಟಿಸಿದ’ ಹಾಗಾಗುತ್ತದಾ? ಅಲ್ಲೇ ವಕೀಲರಿಗೆ ಊಟ. ಕೇಳುವುದಕ್ಕೆ ಯಾರೂ ಬಂದು ಹಿಡಿಯುವುದಿಲ್ಲ. ಆದರೆ ಅದರ ತುಂಡು ತೆಗೆದು ನಿಮ್ಮ ಚಾನೆಲ್ಲಿನಲ್ಲಿ ಹಾಕಿ ದುಡ್ಡು ಮಾಡುವ ಯೋಚನೆ ಇದ್ದರೆ ಎರಡು ಸಲ ಯೋಚಿಸಿ.

ಸರಿ, ಫೈಲು ಸಿಕ್ಕಿತು. ಕಣ್ಣಿಗೆ ಏನೂ ಕಾಣದೆ ನಾಟಕ ನಡೆಯುವುದು ಹೇಗೆ?

ಬ್ರಿಟನ್ನಿನಲ್ಲಿ 1924ರ ಜನವರಿ 15ರಂದು ಬಿಬಿಸಿ ಒಂದು ಪುಟ್ಟ ನಾಟಕ ಪ್ರಸಾರ ಮಾಡಿತು. ರೇಡಿಯೊಗಾಗಿಯೇ ಬರೆದದ್ದು. ಬರೆದವರು ರಿಚರ್ಡ್ ಹ್ಯೂಸ್. ಕಥೆ ನಡೆಯುವುದು ಕಲ್ಲಿದ್ದಲ ಗಣಿಯೊಳಗೆ. ದೀಪ ಹೋಗುತ್ತದೆ, ಪಾತ್ರಗಳಿಗೂ ಏನೂ ಕಾಣುವುದಿಲ್ಲ. ಮನೆಯಲ್ಲೂ ದೀಪ ಆರಿಸಿ ಕೇಳಿ ಅಂತ ಕೇಳುಗರಿಗೆ ಹೇಳಿದ್ದರು. ಎಂಥ ಜಾಣತನ ನೋಡಿ! ಕಾಣುವುದಿಲ್ಲ ಅನ್ನುವ ಕೊರತೆಯನ್ನೇ ಕಥೆ ಮಾಡಿಬಿಟ್ಟರು.

ನಮ್ಮ ಕಡೆಯವರಿಗೆ ಇದು ಅಷ್ಟು ಹೊಸದಲ್ಲ. ತಾಳಮದ್ದಳೆಗೆ ಹೋದವರಿಗೆ ಗೊತ್ತು. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಮದ್ದಳೆ, ಶಾಲು ಹೊದ್ದು ಸಾಲಾಗಿ ಕೂತ ಅರ್ಥಧಾರಿಗಳು. ಕನ್ನಡಕ ಹಾಕಿಕೊಂಡ ಕರ್ಣ, ಎಲೆಅಡಿಕೆ ಜಗಿದು ಬಾಯಿ ಒರೆಸಿಕೊಂಡ ಕೃಷ್ಣ. ಮಾತು ಶುರುವಾಗಿ ಹತ್ತು ನಿಮಿಷಕ್ಕೆ ಕನ್ನಡಕ ಮಾಯ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಕ್ಯಾಸೆಟ್ಟಿನಲ್ಲಿ ಕೇಳಿದವರು ರಾವಣನನ್ನು ಕಂಡಿದ್ದಾರೆ, ಕಣ್ಣಿನಿಂದ ಅಲ್ಲ ಅಷ್ಟೇ. ಒಂದು ವ್ಯತ್ಯಾಸ ಇದೆ. ತಾಳಮದ್ದಳೆಯ ಮಾತು ಅಲ್ಲೇ ಹುಟ್ಟುವಂಥದ್ದು, ಬೆಳಗಿನ ತನಕ ಹರಿಯಬಹುದು. ಅಮೆರಿಕದ ರೇಡಿಯೊ ನಾಟಕ ಗಡಿಯಾರದ ಆಳು. ಅರ್ಧ ಗಂಟೆಯೆಂದರೆ ಅರ್ಧ ಗಂಟೆ, ಅದರಲ್ಲೇ ಜಾಹೀರಾತೂ ಮುಗಿಯಬೇಕು.

ಮಾತಿಗೆ ಜತೆಯಾಗಿ ಸದ್ದು. ಸದ್ದು ಮಾಡುವವರ ಮೇಜು ನೋಡಿದರೆ ಅಡುಗೆಮನೆ ಅನ್ನಿಸಬೇಕು. ಕುದುರೆ ಓಟಕ್ಕೆ ತೆಂಗಿನ ಚಿಪ್ಪು. ಹಿಮದ ಮೇಲೆ ನಡೆಯುವುದಕ್ಕೆ ಕಾರ್ನ್‌ಫ್ಲೋರ್ ಚೀಲ ಹಿಚುಕುವುದು. ಬೆಂಕಿಗೆ ಸೆಲೋಫೇನ್ ಕಾಗದ ಮುದುರುವುದು. ಗುಡುಗಿಗೆ ತಗಡು ಅಲ್ಲಾಡಿಸುವುದು. 1934ರಲ್ಲಿ ಶುರುವಾದ ‘ಲೈಟ್ಸ್ ಔಟ್’ ಎಂಬ ಭಯಾನಕ ಮಾಲಿಕೆಯಲ್ಲಿ ತಲೆ ಕಡಿಯುವ ಸದ್ದಿಗೆ ಎಲೆಕೋಸು ಕತ್ತರಿಸುತ್ತಿದ್ದರು. ಮನುಷ್ಯನೊಬ್ಬನ ಮೈ ಒಳಗಿನದು ಹೊರಗಾಗಿ ಮಗುಚಿಕೊಳ್ಳುವ ಒಂದು ಸನ್ನಿವೇಶ ಇದೆ. ಅದಕ್ಕೆ ಒದ್ದೆ ರಬ್ಬರ್ ಕೈಗವಸನ್ನು ಮಗುಚಿ ತೆಗೆದರು. ಗುಟ್ಟು ಗೊತ್ತಿದ್ದೂ ಕೇಳಿ ನೋಡಿ. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಆದರೆ ಬಲ್ಲವರು ಸದ್ದಿಗಿಂತ ನಿಶ್ಶಬ್ದವನ್ನು ಹೆಚ್ಚು ಲೆಕ್ಕಕ್ಕೆ ಇಡುತ್ತಾರೆ. ಅದಕ್ಕೆ ‘ಗನ್‌ಸ್ಮೋಕ್’ ಕೇಳಬೇಕು. 1952ರಿಂದ 1961ರವರೆಗೆ ಬಂದ ಕೌಬಾಯ್ ಮಾಲಿಕೆ ಇದು, ಮಾರ್ಷಲ್ ಆಗಿ, ಅಂದರೆ ಊರಿನ ಪೊಲೀಸ್ ಅಧಿಕಾರಿಯಾಗಿ, ವಿಲಿಯಂ ಕಾನ್ರಾಡ್. ಮಾರ್ಷಲ್ ಬೀದಿ ದಾಟುತ್ತಾನೆ. ಯಾರೂ ಮಾತಾಡುವುದಿಲ್ಲ. ಮಣ್ಣಿನಲ್ಲಿ ಬೂಟು, ಹಿಮ್ಮಡಿಯ ಕಬ್ಬಿಣದ ಕಿಣಿಕಿಣಿ. ದೂರದಲ್ಲೊಂದು ನಾಯಿ. ಬೂಟಿನ ಸದ್ದು ಮಣ್ಣಿನಿಂದ ಹಲಗೆಗೆ ಏರುತ್ತದೆ. ಅಂಗಡಿಯ ಜಗಲಿ ಬಂತು ಅಂತ ನಿಮಗೆ ಗೊತ್ತಾಗುತ್ತದೆ. ಯಾರೂ ಹೇಳಿಲ್ಲ. ಇದನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳಿದರೆ ಉಳಿಯುವುದೇನು? ಪಾಡ್‌ಕಾಸ್ಟ್ ಓಡಿಸುವ ಹಾಗೆ ಇವನ್ನು ಓಡಿಸಬೇಡಿ. ಪಾತ್ರೆ ತೊಳೆಯುತ್ತಾ ಕೇಳಬಹುದು, ಮೆಸೇಜ್ ಓದುತ್ತಾ ಆಗುವುದಿಲ್ಲ. ಕೈಗೆ ಕೆಲಸ ಇರಲಿ, ಕಣ್ಣಿಗೆ ಬೇಡ.

‘ವಾರ್ ಆಫ್ ದ ವರ್ಲ್ಡ್ಸ್’ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. 1938ರ ಅಕ್ಟೋಬರ್ 30, ಭಾನುವಾರ ರಾತ್ರಿ. 23 ವರ್ಷದ ಆರ್ಸನ್ ವೆಲ್ಸ್, ಎಚ್.ಜಿ. ವೆಲ್ಸ್ ಅವರ ಕಾದಂಬರಿಯನ್ನು ರೇಡಿಯೊಗೆ ತಂದ. (ಕನ್ನಡದಲ್ಲಿ ಬರೆದರೆ ಇಬ್ಬರೂ ವೆಲ್ಸ್. ನೆಂಟಸ್ತಿಕೆ ಏನಿಲ್ಲ.) ಸ್ಕ್ರಿಪ್ಟ್ ಹವರ್ಡ್ ಕಾಕ್ ಅವರದು. ನೃತ್ಯ ಸಂಗೀತ ಬರುತ್ತಿರುತ್ತದೆ, ನಡುವೆ ವಾರ್ತೆ ನುಗ್ಗುತ್ತದೆ, ಮಂಗಳ ಗ್ರಹದಿಂದ ಬಂದವರು ನ್ಯೂಜೆರ್ಸಿಯಲ್ಲಿ ಇಳಿದಿದ್ದಾರೆ. ದೇಶಕ್ಕೆ ದೇಶವೇ ದಿಕ್ಕಾಪಾಲಾಗಿ ಓಡಿತು ಅಂತ ನಾವೆಲ್ಲ ಓದಿದ್ದೇವೆ. ಅಷ್ಟೆಲ್ಲ ಆಗಿರಲಿಲ್ಲ. ಅವತ್ತು ರಾತ್ರಿ ರೇಟಿಂಗಿಗಾಗಿ 5,000 ಮನೆಗೆ ಫೋನ್ ಮಾಡಿದ್ದರು. ಇದನ್ನು ಕೇಳುತ್ತಿದ್ದೇವೆ ಅಂದವರು 2 ಶೇಕಡ. ಜಾಸ್ತಿ ಜನ ಬೇರೆ ಸ್ಟೇಷನ್ನಿನಲ್ಲಿ ಎಡ್ಗರ್ ಬರ್ಗನ್ ಕೇಳುತ್ತಿದ್ದರು. ಆತ ಬೊಂಬೆ ಮಾತಾಡಿಸುವವನು. ರೇಡಿಯೊದಲ್ಲಿ! ತುಟಿ ಅಲ್ಲಾಡುತ್ತದೋ ಇಲ್ಲವೋ ಯಾರು ನೋಡಬೇಕು? ಕೆಲವರು ಹೆದರಿದ್ದು ನಿಜ. ಅದನ್ನು ಊದಿ ದೊಡ್ಡದು ಮಾಡಿದ್ದು ಪತ್ರಿಕೆಗಳು. ರೇಡಿಯೊ ತಮ್ಮ ಜಾಹೀರಾತಿನ ದುಡ್ಡು ಕಿತ್ತುಕೊಳ್ಳುತ್ತಿದೆ ಅನ್ನುವ ಸಂಕಟ ಅವರಿಗೆ ಮೊದಲೇ ಇತ್ತು.

ಈಗ ಆ ನಾಟಕ ಕೇಳಿದರೆ ಅದರ ಉಪಾಯ ಅರ್ಥವಾಗುತ್ತದೆ. ಪ್ರಾಯೋಜಕರೇ ಇರಲಿಲ್ಲ, ಹಾಗಾಗಿ ಮೊದಲ ನಲವತ್ತು ನಿಮಿಷದಷ್ಟು ಹೊತ್ತು ವಿರಾಮವೇ ಇಲ್ಲ. ತಡವಾಗಿ ಟ್ಯೂನ್ ಮಾಡಿದವನಿಗೆ ಇದು ನಾಟಕ ಅಂತ ಹೇಳುವವರು ಸಿಗಲಿಲ್ಲ. ಆಕಾಶದಿಂದ ಬಿದ್ದ ಲೋಹದ ಉರುಳೆಯ ಮುಚ್ಚಳ ತಿರುಗಿ ಬಿಚ್ಚಿಕೊಳ್ಳುವ ಸದ್ದಿಗೆ ಸ್ಟುಡಿಯೊದ ಶೌಚಾಲಯದಲ್ಲಿ ಒಂದು ಜಾಡಿಯ ಮುಚ್ಚಳ ತಿರುಗಿಸಿದರಂತೆ. ಅಲ್ಲಿ ದನಿ ಗುಂಯ್ ಅನ್ನುತ್ತದಲ್ಲ.

ಎಲ್ಲವೂ ಚಿನ್ನವಲ್ಲ. 1928ರಲ್ಲಿ ಶುರುವಾದ ‘ಏಮಸ್ ಅಂಡ್ ಆಂಡಿ’ ಆ ಕಾಲದ ಮನೆಮಾತು. ಅದರಲ್ಲಿ ಬಿಳಿಯ ನಟರು ಕಪ್ಪು ಜನರ ಮಾತನ್ನು ಅಣಕಿಸುತ್ತಾ ನಗಿಸುತ್ತಾರೆ. ಕೇಳಲು ಹಿಂಸೆಯಾಗುತ್ತದೆ, ಆಗಬೇಕಾದ್ದೇ. ಇಂಗ್ಲಿಷ್ ಉಚ್ಚಾರ ತೊಡಕು ಅನ್ನಿಸುವವರು ಹಾಸ್ಯದ ಮಾಲಿಕೆಗಳನ್ನು ಆಮೇಲೆ ಇಟ್ಟುಕೊಳ್ಳಿ, ಅವುಗಳ ಜೋಕು ಆ ಕಾಲದ ಸುದ್ದಿಯ ಮೇಲೆ ನಿಂತಿವೆ. ಭಯ, ಪತ್ತೇದಾರಿ ಸುಲಭ. ಹೆದರಿದವರ ದನಿಗೆ ಅನುವಾದ ಬೇಡ.

ಕನ್ನಡದಲ್ಲೂ ಬಾನುಲಿ ನಾಟಕಕ್ಕೆ ದೊಡ್ಡ ಕಾಲ ಇತ್ತು. ‘ಆಕಾಶವಾಣಿ’ ಎಂಬ ಹೆಸರೇ ಮೈಸೂರಿನದು. 1935ರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ನಡೆಸಿದ ಪುಟ್ಟ ನಿಲಯಕ್ಕೆ ಆ ಹೆಸರಿತ್ತು. ಆಮೇಲೆ ಇಡೀ ದೇಶದ ರೇಡಿಯೊ ಅದನ್ನು ತೆಗೆದುಕೊಂಡಿತು.

ನನ್ನ ಹತ್ತಿರ ಇರುವ ಕನ್ನಡ ಬಾನುಲಿ ನಾಟಕ ಮಾತ್ರ ಒಂದೇ ಒಂದು. ಪ್ಲೇಟಲ್ಲ, ಕ್ಯಾಸೆಟ್ಟು. ದೊಡ್ಡಪ್ಪ ಟೂ ಇನ್ ಒನ್ ಎದುರು ಕೂತು ರೇಡಿಯೊದಿಂದ ಹಿಡಿದದ್ದು. ಮೇಲೆ ಹೆಸರಿಲ್ಲ, ತಾರೀಕಿಲ್ಲ, ‘ನಾಟಕ, ಅಳಿಸಬಾರದು’ ಅಂತ ನೀಲಿ ಪೆನ್ನಿನಲ್ಲಿ ಬರೆದಿದೆ. ಹೋದ ದೀಪಾವಳಿಗೆ ಅದನ್ನು ಒಂದು ವೈರ್ ಹಾಕಿ ಲ್ಯಾಪ್‌ಟಾಪಿಗೆ ಇಳಿಸಿದೆ. ಊರು ಬಿಟ್ಟುಹೋದ ಮಗನ ಕಥೆ. ತಾಯಿ ದನಿ ಎಷ್ಟು ಚೆನ್ನಾಗಿದೆಯೆಂದರೆ, ನಡುಮನೆಯಲ್ಲಿ ಎಲ್ಲರೂ ಸುಮ್ಮನಾದರು. ಅವಳು ಕಾಗದ ಓದುವ ಹೊತ್ತಿಗೆ ಹಿಂದಿನಿಂದ ನಮ್ಮ ಮನೆಯ ಕುಕ್ಕರ್ ಕೂಗುತ್ತದೆ. ಒಂದು, ಎರಡು, ಮೂರು. ಐದನೇ ಸಲಕ್ಕೆ ಅಮ್ಮ ನಕ್ಕಳು. “ಬೇಳೆ ಇಟ್ಟಿದ್ದೆ. ನಿನ್ನ ದೊಡ್ಡಪ್ಪ ಏಳಲಿಕ್ಕೇ ಬಿಡಲಿಲ್ಲ, ರೆಕಾರ್ಡ್ ಆಗ್ತಾ ಇದೆ, ಸದ್ದು ಮಾಡಬೇಡ ಅಂದ.”

ಮಗ ಬಾಗಿಲು ತಟ್ಟುತ್ತಾನೆ. ತಾಯಿ ಯಾರು ಅಂತ ಕೇಳುತ್ತಾಳೆ. ಟಕ್. ಅರ್ಧ ಗಂಟೆಯ ಬದಿ ಮುಗಿಯಿತು. ಕ್ಯಾಸೆಟ್ ತಿರುಗಿಸಿ ಹಾಕಿದರೆ ಆ ಕಡೆ ಬರೀ ಭಜನೆ.

“ಆಮೇಲೇನಾಯ್ತಮ್ಮ? ಬಂದದ್ದು ಅವನೇನಾ?”

“ಅದು ನೆನಪಿಲ್ಲ. ಬೇಳೆ ಸೀದಿತ್ತು. ಅದು ನೆನಪಿದೆ.”